ಗೋಪಾಲ ಕೃಷ್ಣ ಗೋಖಲೆಯವರ ಶೀಲಸಂಪತ್ತು

ರಾಷ್ಟ್ರದ ಏಳ್ಗೆಯನ್ನು ಅಳೆಯಹೊರಟವರು ಸಾಮಾನ್ಯವಾಗಿ ಅದರ ಬೊಕ್ಕಸವನ್ನೂ ಸೈನ್ಯವನ್ನೂ ಎಣಿಸುವರು. ಆ ರಾಷ್ಟ್ರದ ಮುಂದಾಳುಗಳು ನಿಂದೆಗೆ ಗುರಿಯಾದ ಕಾಲದಲ್ಲಿ ಹೇಗೆ ನಡೆದುಕೊಂಡರೆಂಬುದನ್ನು ನೋಡಿದಲ್ಲಿ ಅಳತೆಯು ಇನ್ನಷ್ಟು ನಿಜವಾಗಿ ದೊರೆಯುವುದೆಂದು ನಮಗೆ ತೋರುತ್ತದೆ. ಈ ದೃಷ್ಟಿಯಿಂದ ನಾಮದಾರ ಗೋಖಲೆಯವರ ಚರಿತ್ರವು ವಾಚಕರ ಮನನಕ್ಕೆ ಯೋಗ್ಯವಾಗಿದೆ.

ಗೋಖಲೆಯವರು 1866ನೆಯ ಇಸವಿ ಮೇ 9ರಂದು ರತ್ನಾಗಿರಿ ಜಿಲ್ಹೆಯ ಕೋತಳೂಕವೆಂಬ ಹಳ್ಳಿಯಲ್ಲಿ ಜನಿಸಿದರು. ತಂದೆ ಕೃಷ್ಣರಾಯರು ನಮ್ಮ ಗಡಿಗೆ ಸಮೀಪವಾದ ಕಾಗಲ ಸಂಸ್ಥಾನದಲ್ಲಿ ಚಿಕ್ಕ ನೌಕರಿಯಲ್ಲಿದ್ದರು. 1879ರಲ್ಲಿ ಅವರು ತೀರಿಕೊಳ್ಳಲು ಮನೆಯ ಭಾರವು ಹಿರಿಯ ಮಗ ಗೋವಿಂದರಾಯನ ಮೇಲೆ ಬಿದ್ದಿತು. ಆತನು ತನ್ನ ವಿದ್ಯಾಭ್ಯಾಸವನ್ನು ತೊರೆದು ತಿಂಗಳಿಗೆ 15 ರೂಪಾಯಿಗಳ ಚಾಕರಿಗೆ ಸೇರಿ, ಅದರಲ್ಲಿ 8 ರೂಪಾಯಿಗಳನ್ನು ತಮ್ಮನ ಓದಿಗೆ ಕಳುಹುತ್ತಿದ್ದನು. ಉಳಿದ ಏಳರಲ್ಲಿ ಇಡೀ ಸಂಸಾರವು ಸಾಗಬೇಕಾಗಿದ್ದಿತು. ಚರಿತ್ರಕಾರರು ಈ ಅಣ್ಣನನ್ನು ಒಂದು ವಾಕ್ಯದಲ್ಲಿ ಮುಗಿಸುವುದುಂಟು. ಆತನ ತ್ಯಾಗವಿಲ್ಲದೆ ಗೋಖಲೆಯವರೆಂಬವರನ್ನು ದೇಶವು ಕಾಣುತ್ತಲೇ ಇರಲಿಲ್ಲ.

1884ರಲ್ಲಿ ಮುಂಬಯಿಯ ಎಲ್ಫಿನ್‌ಸ್ಟನ್ ಕಾಲೇಜಿನಿಂದ ಪದವೀಧರರಾದ ಮೇಲೆ, ಧನಾರ್ಜನೆಯ ಮಾರ್ಗವನ್ನು ಬಿಟ್ಟು ಅವರು ಪುಣೆಯ ಡೆಕ್ಕನ್ ಶಿಕ್ಷಣ ಸಂಸ್ಥೆಯ ಆಜೀವ ಸದಸ್ಯರಾದರು. ವೇತನ ತಿಂಗಳಿಗೆ 75 ರೂಪಾಯಿ. ಫರ್ಗ್ಯುಸನ್ ಕಾಲೇಜಿನಲ್ಲಿ ಆಂಗ್ಲ ಸಾಹಿತ್ಯ, ಗಣಿತ, ಇತಿಹಾಸ, ಅರ್ಥಶಾಸ್ತ್ರಗಳಲ್ಲಿ ಯಾವುದು ಪಾಲಿಗೆ ಬಂದರೂ ಬೋಧಿಸಿದರು. ಅವರ ಅಂಕಗಣಿತದ ಪುಸ್ತಕವು ಶಾಲೆಗಳಲ್ಲಿ ಬಹುಕಾಲ ಬಳಕೆಯಲ್ಲಿತ್ತು. ನ್ಯಾಯಮೂರ್ತಿ ರಾನಡೆಯವರ ಶಿಷ್ಯತ್ವವು ದೊರೆತುದೂ ಪುಣೆಯಲ್ಲಿಯೇ. ಅಂಕಿ ಅಂಶಗಳನ್ನು ಪರಿಶೋಧಿಸದೆ ಒಂದಕ್ಷರವನ್ನೂ ಬರೆಯಲಾಗದೆಂಬ ಕಟ್ಟುನಿಟ್ಟನ್ನು ಆ ಗುರುವು ಕಲಿಸಿದನು.

ಅಂಥ ಶಿಷ್ಯನಿಗೇ 1897ರಲ್ಲಿ ಅಗ್ನಿಪರೀಕ್ಷೆಯು ಒದಗಿತು. ಗೋಖಲೆಯವರು ವೆಲ್ಬಿ ಆಯೋಗದ ಮುಂದೆ ಸಾಕ್ಷ್ಯ ನುಡಿಯಲು ವಿಲಾಯತಿಗೆ ಹೋಗಿದ್ದರು. ಭಾರತದ ಆಯವ್ಯಯವನ್ನು ಕುರಿತ ಅವರ ವಾದವು ಅಲ್ಲಿ ಕೀರ್ತಿಯನ್ನು ತಂದಿತು. ಅದೇ ಸಮಯದಲ್ಲಿ ಪುಣೆಯಲ್ಲಿ ಪ್ಲೇಗಿನ ಹಾವಳಿ. ಮನೆಗಳನ್ನು ಶೋಧಿಸುವ ಗೋರಾ ಸಿಪಾಯಿಗಳು ಸ್ತ್ರೀಯರ ಮಾನಭಂಗ ಮಾಡಿದರೆಂದು ಮಿತ್ರರಿಂದ ಪತ್ರಗಳು ಬಂದವು. ಅದನ್ನು ನಂಬಿ ಅವರು ಆಂಗ್ಲ ಪತ್ರಿಕೆಗೆ ತಿಳಿಸಿದರು. ಮುಂಬಯಿ ಸರಕಾರವು ಇದೆಲ್ಲ ದುರುದ್ದೇಶದ ಕಟ್ಟುಕಥೆಯೆಂದು ಸಾರಿತು. ಸ್ವದೇಶಕ್ಕೆ ಮರಳಿ ವಿಚಾರಿಸಲು ಆರೋಪವನ್ನು ಸಿದ್ಧಪಡಿಸುವ ಸಾಕ್ಷ್ಯವು ಕೈಗೆ ಸಿಕ್ಕಲಿಲ್ಲ. ಪತ್ರ ಬರೆದವರ ಹೆಸರುಗಳನ್ನು ಹೊರಗೆಡಹಿದ್ದರೆ ಹೊಣೆಯು ಅವರ ಮೇಲೆ ಹೋಗುತ್ತಿದ್ದಿತು. ಗೋಖಲೆಯವರು ಹಾಗೆ ಮಾಡಲಿಲ್ಲ. ಭಾರವನ್ನೆಲ್ಲ ತಾವೇ ಹೊತ್ತು, ಆಗಸ್ಟ್ ತಿಂಗಳಲ್ಲಿ ಬಹಿರಂಗವಾಗಿ ಕ್ಷಮೆ ಬೇಡಿದರು.

ಅದು ರಾಂಡನ ಕೊಲೆಯಾಗಿ ಪುಣೆಯು ಕುದಿಯುತ್ತಿದ್ದ ಕಾಲ. ಕ್ಷಮಾಪಣೆಯನ್ನು ಜನರು ಹೇಡಿತನವೆಂದರು. ಆ ವರ್ಷದ ಅಮರಾವತಿ ಕಾಂಗ್ರೆಸ್ಸಿನ ವೇದಿಕೆಯಲ್ಲಿ ಅವರಿಗೆ ಮಾತಾಡಲು ಅವಕಾಶವಾಗಲಿಲ್ಲ. ಅಲ್ಲಿ ಆದ ಅನ್ಯಾಯಗಳೆಲ್ಲ ಸುಳ್ಳಾಗಿದ್ದವೆಂದು ಇದರಿಂದ ಸಿದ್ಧವಾಗದು, ಶೋಧಕಾರ್ಯದ ಕ್ರೌರ್ಯವನ್ನು ಇತಿಹಾಸವು ಮರೆತಿಲ್ಲ. ಸಿದ್ಧಪಡಿಸಲಾಗದುದನ್ನು ಸತ್ಯವೆಂದು ಹಿಡಿದು ನಿಲ್ಲಲು ಅವರ ಅಂತಃಕರಣವು ಒಪ್ಪಲಿಲ್ಲವಷ್ಟೆ. ಮನೆಯ ಮೂಲೆ ಸೇರದೆ, ಪ್ಲೇಗು ಮರಳಿ ಬಂದಾಗ ಸ್ವಯಂಸೇವಕರೊಡನೆ ಬೀದಿಗಿಳಿದು ದುಡಿದರು.

ಕಳೆದ ವಿಶ್ವಾಸವು ಮೆಲ್ಲಮೆಲ್ಲನೆ ಮರಳಿತು. 1899ರಲ್ಲಿ ಮುಂಬಯಿಯ ಶಾಸನಸಭೆಗೆ ಚುನಾಯಿತರಾದರು. ಧಾರವಾಡ, ಬೆಳಗಾವಿ, ವಿಜಾಪುರಗಳು ಆಗ ಆ ಪ್ರಾಂತಕ್ಕೆ ಸೇರಿದ್ದುದರಿಂದ, 1901ರ ಭೂಕಂದಾಯ ಮಸೂದೆಯನ್ನು ಅವರು ವಿರೋಧಿಸಿದುದು ಕನ್ನಡ ರೈತನ ಪರವಾಗಿಯೂ ಆಗಿದ್ದಿತು. 1902ರಿಂದ ವೈಸರಾಯರ ಸಭೆಯಲ್ಲಿ ಉಪ್ಪಿನ ತೆರಿಗೆಯು ಬಡವನ ಮೇಲಿನ ಹೊರೆಯೆಂದು ವರ್ಷವರ್ಷವೂ ಅಂಕಿಗಳಿಂದ ತೋರಿಸಿದರು. ಮಣಕ್ಕೆ ಎರಡೂವರೆ ರೂಪಾಯಿಯಿದ್ದ ತೆರಿಗೆಯು 1907ರ ಹೊತ್ತಿಗೆ ಒಂದು ರೂಪಾಯಿಗೆ ಇಳಿಯಿತು. 1905ರಲ್ಲಿ ಕಾಶಿಯ ಕಾಂಗ್ರೆಸ್ಸಿಗೆ ಅಧ್ಯಕ್ಷರಾದರು. ಅದೇ ವರ್ಷ ಜೂನ್ 12ರಂದು, ಅಲ್ಪ ವೇತನದಲ್ಲಿ ಬಾಳನ್ನೆಲ್ಲ ದೇಶಕ್ಕೆ ಮುಡಿಪಿಡುವವರ ಭಾರತ ಸೇವಕ ಸಮಾಜವನ್ನು ಸ್ಥಾಪಿಸಿದರು.

1911ರಲ್ಲಿ ಅವರು ಕಡ್ಡಾಯ ಪ್ರಾಥಮಿಕ ಶಿಕ್ಷಣದ ಮಸೂದೆಯನ್ನು ಮಂಡಿಸಿದಾಗ ದೇಶದಲ್ಲಿ ಅಕ್ಷರಸ್ಥರು ನೂರಕ್ಕೆ ಆರು ಮಂದಿಯಷ್ಟೇ. ಮರುವರ್ಷ ಮಾರ್ಚಿಯಲ್ಲಿ 38 ಮತಗಳೆದುರು 13 ಮತಗಳು ಬಿದ್ದು ಮಸೂದೆಯು ಸೋತಿತು. ಸೋಲನ್ನು ಮೊದಲೇ ಬಲ್ಲ ಗೋಖಲೆಯವರು ವಿಷಾದಪಡದೆ, ಸೋಲಿನಿಂದಲೇ ಸೇವೆ ಸಲ್ಲಿಸುವುದು ತಮ್ಮ ಪೀಳಿಗೆಯ ಪಾಲೆಂದು ಭಾವಿಸಿದರು. ಶಿಕ್ಷಣವನ್ನು ಮಕ್ಕಳ ಹಕ್ಕೆಂದು ವಿಧಿಸುವ ಶಾಸನವು ಭಾರತದಲ್ಲಿ ಜಾರಿಗೆ ಬಂದುದು 2010ರಲ್ಲಿ.

1912ರಲ್ಲಿ ದಕ್ಷಿಣ ಆಫ್ರಿಕೆಗೆ ಹೋಗಿ ಗಾಂಧಿಯವರ ಹೋರಾಟಕ್ಕೆ ಬಲವಾದರು. 1914ರಲ್ಲಿ ಸರಕಾರವು ನೀಡಬಂದ ಸರ್ ಪದವಿಯನ್ನು ವಿನಯದಿಂದ ನಿರಾಕರಿಸಿದರು. ಮಧುಮೇಹದಿಂದ ಜರ್ಜರಿತವಾದ ದೇಹವು 1915ರ ಫೆಬ್ರುವರಿ 19ರಂದು, 48ನೆಯ ವಯಸ್ಸಿನಲ್ಲಿ, ಪುಣೆಯಲ್ಲಿ ಬಿದ್ದಿತು. ಇಪ್ಪತ್ತು ವರ್ಷಗಳಿಗೂ ಮಿಗಿಲಾಗಿ ಅವರ ಮಾರ್ಗವನ್ನು ಎದುರಿಸಿ ನಿಂತಿದ್ದ ಲೋಕಮಾನ್ಯ ಟಿಳಕರು ವಾರ್ತೆ ತಿಳಿಯುತ್ತಲೆ ಸಿಂಹಗಡದಿಂದ ಇಳಿದು ಬಂದು, ಚಿತೆಯ ಬಳಿಯಲ್ಲಿ ನಿಂತು, ನೆರೆದ ಜನರಿಗೆ ಅಗಲಿದವರ ಗುಣಗಳನ್ನು ಬಣ್ಣಿಸಿದರು.