ಮಣ್ಣಿನಲ್ಲಿ ಮದ್ದು ಕಂಡ ಎಲಿಜಬೆತ್ ಹೇಜನ್

ನಾನು ಈ ಶಾಲೆಯ ಹಳೆಯ ವಿದ್ಯಾರ್ಥಿ, ಈಗ ಬೇಸಾಯಗಾರ. ಕೆಲವು ವರ್ಷಗಳ ಹಿಂದೆ ಕಣದಲ್ಲಿ ಭತ್ತ ಬಡಿಯುವಾಗ ಹೊಟ್ಟು ಸಿಡಿದು ಬಲಗಣ್ಣಿಗೆ ತಾಗಿತು. ಮೂರು ದಿನ ಸೊಪ್ಪಿನ ರಸ ಹಿಂಡಿಕೊಂಡೆ. ಆಮೇಲೆ ಮನೆಯಲ್ಲಿದ್ದ ಯಾವುದೋ ಹಳೆಯ ಡ್ರಾಪ್ಸ್ ಹಾಕಿಕೊಂಡೆ. ಕಪ್ಪುಗುಡ್ಡೆಯ ಮೇಲೆ ಬಿಳಿ ಚುಕ್ಕೆ ಮೂಡಿತು. ವೈದ್ಯರು ಹುಣ್ಣನ್ನು ಮೆಲ್ಲಗೆ ಕೆರೆದು, ಸೂಕ್ಷ್ಮದರ್ಶಕದಲ್ಲಿ ನೋಡಿ, ಇದು ಶಿಲೀಂಧ್ರದ, ಅಂದರೆ ಬೂಷ್ಟಿನ ಹುಣ್ಣೆಂದು ತಿಳಿಸಿದರು. ನಟಾಮೈಸಿನ್ ಎಂಬ ಹನಿಯನ್ನು ಗಂಟೆಗೊಮ್ಮೆ ಹಾಕಿ ಕಣ್ಣು ಉಳಿಯಿತು. ಕಲೆ ಉಳಿದೇ ಇದೆ. ಈ ಜಾತಿಯ ಔಷಧಕ್ಕೆ ದಾರಿ ತೋರಿದವರು ಯಾರೆಂದು ಹುಡುಕಿದಾಗ ಸಿಕ್ಕ ಹೆಸರು ಎಲಿಜಬೆತ್ ಲೀ ಹೇಜನ್. ಅವರೂ ಒಂದು ಕಾಲಕ್ಕೆ ಹೈಸ್ಕೂಲು ಶಿಕ್ಷಕಿ!

ಹೇಜನ್ 1885ರ ಆಗಸ್ಟ್ 24ರಂದು ಅಮೆರಿಕದ ಮಿಸಿಸಿಪ್ಪಿ ರಾಜ್ಯದ ರಿಚ್ ಎಂಬ ಊರಿನಲ್ಲಿ ಹುಟ್ಟಿದರು. ಮನೆಯವರು ಹತ್ತಿ ಬೆಳೆಯುವ ರೈತರು. ಎಳವೆಯಲ್ಲೇ ತಂದೆ ತಾಯಿ ಇಬ್ಬರೂ ತೀರಿಕೊಂಡರು. ಚಿಕ್ಕಪ್ಪ ಚಿಕ್ಕಮ್ಮನ ಆಶ್ರಯದಲ್ಲಿ ಹಳ್ಳಿಯ ಶಾಲೆಯಲ್ಲಿ ಕಲಿತರು. ಪದವಿಯ ನಂತರ ಜಾಕ್ಸನ್ ನಗರದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದರು. ಓದುವ ಆಸೆ ಅಲ್ಲಿಗೇ ನಿಲ್ಲಲಿಲ್ಲ. ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ 1927ರಲ್ಲಿ ಡಾಕ್ಟರೇಟ್ ಪಡೆದಾಗ ಅವರಿಗೆ ನಲವತ್ತು ದಾಟಿತ್ತು.

ಮುಂದೆ ನ್ಯೂಯಾರ್ಕ್ ರಾಜ್ಯದ ಆರೋಗ್ಯ ಇಲಾಖೆಯ ಪ್ರಯೋಗಾಲಯ ಸೇರಿದರು. ಪೆನಿಸಿಲಿನ್ ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತಿತ್ತು, ಶಿಲೀಂಧ್ರಗಳನ್ನಲ್ಲ. ಹೇಜನ್ ಹಲವೆಡೆಯ ಮಣ್ಣು ತಂದು, ಅದರಲ್ಲಿನ ಸೂಕ್ಷ್ಮಜೀವಿಗಳನ್ನು ಬೆಳೆಸಿ, ಶಿಲೀಂಧ್ರವನ್ನು ತಡೆಯುವಂಥವನ್ನು ಗಾಜಿನ ಜಾಡಿಯಲ್ಲಿಟ್ಟು ಅಂಚೆಯಲ್ಲಿ ಆಲ್ಬನಿಗೆ ಕಳಿಸುತ್ತಿದ್ದರು. ಅಲ್ಲಿ ರೇಚಲ್ ಫುಲ್ಲರ್ ಬ್ರೌನ್ ಎಂಬ ರಸಾಯನಶಾಸ್ತ್ರಜ್ಞೆ ಸಾರ ತೆಗೆದು, ಅಂಚೆಯಲ್ಲೇ ಹಿಂದಿರುಗಿಸುತ್ತಿದ್ದರು. ಎಷ್ಟೋ ಸಾರಗಳು ಶಿಲೀಂಧ್ರದ ಜೊತೆಗೆ ಪ್ರಯೋಗದ ಪ್ರಾಣಿಗಳನ್ನೂ ಕೊಂದವು. ಕೊನೆಗೆ ವರ್ಜೀನಿಯಾದಲ್ಲಿ ಪರಿಚಯದವರ ಹೈನುಗಾರಿಕೆ ಜಮೀನಿನ ಮಣ್ಣಿನಲ್ಲಿ ಬೇಕಾದದ್ದು ಸಿಕ್ಕಿತು. 1950ರಲ್ಲಿ ಅದನ್ನು ಲೋಕಕ್ಕೆ ತಿಳಿಸಿದರು. ನ್ಯೂಯಾರ್ಕ್ ರಾಜ್ಯದ ನೆನಪಿಗೆ ನಿಸ್ಟಾಟಿನ್ ಎಂದು ಹೆಸರಿಟ್ಟರು.

ಬಾಯಿಯ, ಕರುಳಿನ, ಚರ್ಮದ ಸೋಂಕಿಗೆ ನಿಸ್ಟಾಟಿನ್ ವರವಾಯಿತು. ಆದರೆ ಕಾರ್ನಿಯಾದ ಆಳಕ್ಕೆ ಅದು ಚೆನ್ನಾಗಿ ಇಳಿಯದು. ಅದೇ ಕುಟುಂಬದ ನಟಾಮೈಸಿನ್ 1955ರಲ್ಲಿ ದಕ್ಷಿಣ ಆಫ್ರಿಕಾದ ಮಣ್ಣಿನಿಂದ ದೊರೆತು, ಮುಂದೆ ಕಣ್ಣಿನ ಹನಿಯಾಯಿತು.

ನಿಸ್ಟಾಟಿನ್‌ನಿಂದ ಬಂದ ಗೌರವಧನ 1 ಕೋಟಿ 30 ಲಕ್ಷ ಡಾಲರ್ ಮೀರಿತು. ಇಬ್ಬರೂ ತಮಗೆಂದು ಏನನ್ನೂ ಇಟ್ಟುಕೊಳ್ಳದೆ ಎಲ್ಲವನ್ನೂ ವಿಜ್ಞಾನ ಸಂಶೋಧನೆಗೆ ಬಿಟ್ಟುಕೊಟ್ಟರು. ಹೇಜನ್ 1975ರಲ್ಲಿ ತೀರಿಕೊಂಡರು.

ಊರಿನವರಲ್ಲಿ ನನ್ನದೊಂದು ವಿನಂತಿ. ಕಣ್ಣಿಗೆ ಹೊಟ್ಟು, ಗರಿ, ಕಡ್ಡಿ ತಾಗಿ ನೋವು ಬಂದರೆ ರಸ ಹಿಂಡಬೇಡಿ, ಹಳೆಯ ಹನಿ ಹಾಕಬೇಡಿ. ಅಂದೇ ಕಣ್ಣಿನ ವೈದ್ಯರಲ್ಲಿಗೆ ಹೋಗಿ. ನಾನು ಕಳೆದುಕೊಂಡ ಆ ಕೆಲವು ದಿನಗಳ ಬೆಲೆ ನನಗೆ ಗೊತ್ತು. ಸುವರ್ಣ ಮಹೋತ್ಸವದ ನೆನಪಿಗೆ ಶಾಲೆಯ ಪ್ರಯೋಗಾಲಯಕ್ಕೆ ಒಂದು ಸೂಕ್ಷ್ಮದರ್ಶಕ ಕೊಡುತ್ತಿದ್ದೇನೆ. ಮಕ್ಕಳು ಮೊದಲು ನಮ್ಮ ಗದ್ದೆಯ ಮಣ್ಣನ್ನೇ ಅದರಲ್ಲಿ ನೋಡಲಿ.