ಕೋವಿಯ ಬಾಯಿ ಕಟ್ಟಿದವನು

ನಿಮಿಷಕ್ಕೆ 600 ಗುಂಡುಗಳನ್ನು ಹಾರಿಸುವ ಯಂತ್ರಕೋವಿಯನ್ನು 1884ರ ವೇಳೆಗೆ ನಿರ್ಮಿಸಿ ಯುದ್ಧದ ರೀತಿಯನ್ನೇ ಬದಲಿಸಿದ ಸರ್ ಹೈರಾಮ್ ಮ್ಯಾಕ್ಸಿಮ್‌ನ ಹೆಸರು ಇತಿಹಾಸದ ವಿದ್ಯಾರ್ಥಿಗಳಿಗೆ ಪರಿಚಿತವೇ. ಸ್ವನಿರ್ಮಿತ ಆರ್ಭಟದ ನಡುವೆ ಬಾಳಿದ ಆತ ಮುಪ್ಪಿನಲ್ಲಿ ಕಿವುಡನಾದ. ಆ ಆರ್ಭಟದ ಬಾಯಿ ಕಟ್ಟಲು ಹೊರಟವನು ಅವನ ಮಗನೇ.

ಹೈರಾಮ್ ಪರ್ಸಿ ಮ್ಯಾಕ್ಸಿಮ್ ಜನಿಸಿದ್ದು 1869ರಲ್ಲಿ, ಬ್ರೂಕ್ಲಿನ್ನಿನಲ್ಲಿ. ಬಾಲಕನಾಗಿದ್ದಾಗಲೇ ತಂದೆ ಮನೆಮಂದಿಯನ್ನು ಅಮೆರಿಕದಲ್ಲಿ ಬಿಟ್ಟು ಯುರೋಪಿಗೆ ತೆರಳಿ ಇಂಗ್ಲೆಂಡಿನಲ್ಲೇ ನೆಲೆಸಿದ. ಮಗ 1886ರಲ್ಲಿ ಮೆಸಾಚುಸೆಟ್ಸಿನ ತಂತ್ರವಿದ್ಯಾಲಯದಿಂದ ಪದವಿ ಪಡೆದು, 1895ರಿಂದ ಹಾರ್ಟ್‌ಫರ್ಡಿನ ಪೋಪ್ ಕಂಪನಿಯಲ್ಲಿ ಮೋಟಾರು ಬಂಡಿಗಳನ್ನು ಕಟ್ಟತೊಡಗಿದ.

ಸ್ನಾನದ ತೊಟ್ಟಿಯ ನೀರು ಸುಳಿಸುತ್ತಿ ಸದ್ದಿಲ್ಲದೆ ಇಳಿದುಹೋಗುವುದನ್ನು ಕಂಡು ಅವನಿಗೆ ಉಪಾಯ ಹೊಳೆಯಿತೆಂದು ಹೇಳುವರು. ಗುಂಡಿನ ಹಿಂದೆ ನುಗ್ಗಿಬರುವ ಬಿಸಿ ಅನಿಲವು ಥಟ್ಟನೆ ಹೊರಚಿಮ್ಮುವುದೇ ಸದ್ದಿಗೆ ಮೂಲ. ಅದನ್ನು ನಳಿಗೆಯ ತುದಿಯ ಕೋಣೆಗಳಲ್ಲಿ ಸುತ್ತಿಸಿ, ತಣಿಸಿ, ಮೆಲ್ಲನೆ ಬಿಟ್ಟರೆ ಸದ್ದು ಕುಗ್ಗುತ್ತದೆ. ಈ ‘ಸೈಲೆನ್ಸರ್’ಗೆ 1909ರಲ್ಲಿ ಪೇಟೆಂಟು ದೊರೆಯಿತು. ಶಬ್ದವೇಗವನ್ನು ಮೀರಿದ ಗುಂಡು ಗಾಳಿಯಲ್ಲಿ ಎಬ್ಬಿಸುವ ಚಟಾರವನ್ನು ಮಾತ್ರ ಇದು ತಡೆಯಲಾರದು. ಪೂರ್ಣ ಮೌನವೆಂಬುದು ಕತೆಗಾರರ ಕಲ್ಪನೆ.

ಈ ಸಾಧನದ ಆರೈಕೆಯೂ ಅದರ ಗುಣಕ್ಕೆ ತಕ್ಕಂತೆಯೇ ಇದೆ. ಬರಿಯ ನಳಿಗೆ ತನ್ನ ಹೊಗೆಯನ್ನು ಬಹುಮಟ್ಟಿಗೆ ಹೊರಗೆ ಉಗುಳಿಬಿಡುತ್ತದೆ. ಇದು ಒಳಗೇ ಇಟ್ಟುಕೊಳ್ಳುತ್ತದೆ. ಮದ್ದಿನ ಮಸಿಯೂ ಸೀಸದ ಪುಡಿಯೂ ಕೋಣೆಗಳಲ್ಲಿ ಹೆಪ್ಪುಗಟ್ಟುತ್ತವೆ. ಅಂದಿನ ಕೇಪುಗಳಲ್ಲಿದ್ದ ಪೊಟ್ಯಾಸಿಯಂ ಕ್ಲೋರೇಟು ಉರಿದು ಉಳಿಸುತ್ತಿದ್ದ ಉಪ್ಪು ಗಾಳಿಯ ತೇವವನ್ನು ಹೀರಿ ಉಕ್ಕಿಗೆ ತುಕ್ಕು ತರುತ್ತಿತ್ತು. ಎಣ್ಣೆಯಲ್ಲಿ ಆ ಉಪ್ಪು ಕರಗದು. ಬಿಸಿನೀರಿನಿಂದ ತೊಳೆದು, ತೇವವಾರಿಸಿ, ಆಮೇಲೆ ತೆಳುವಾಗಿ ಎಣ್ಣೆ ಸವರಬೇಕು. ಕಣ್ಣಿಗೆ ಕಾಣದ, ಬಟ್ಟೆ ಹೋಗದ ಮೂಲೆಗಳಿರುವ ಸಾಧನದಲ್ಲಿ ಇದು ಸುಲಭದ ಕೆಲಸವಲ್ಲ. ಅವಸರದ ಬೇಟೆಗಾರನಿಗೆ ಇಷ್ಟು ತಾಳ್ಮೆ ಎಲ್ಲಿಯದು!

ಪರ್ಸಿಯ ಆಸಕ್ತಿ ಕೋವಿಗೆ ಸೀಮಿತವಾಗಿರಲಿಲ್ಲ. 1914ರಲ್ಲಿ ಕ್ಲಾರೆನ್ಸ್ ಟಸ್ಕನೊಡನೆ ಅಮೆರಿಕದ ಹವ್ಯಾಸಿ ರೇಡಿಯೋಗಾರರ ಸಂಘವನ್ನು ಕಟ್ಟಿದ. ದೂರದ ಸದ್ದನ್ನು ಊರಿಂದೂರಿಗೆ ದಾಟಿಸುವುದೇ ಅದರ ಉದ್ದೇಶವಾಗಿದ್ದುದು ವಿನೋದದ ಸಂಗತಿ. ಇತ್ತ ಅವನ ಕಂಪನಿಯು ಕ್ರಮೇಣ ಕೋವಿಯನ್ನು ಕೈಬಿಟ್ಟು ಎಂಜಿನುಗಳ ಸದ್ದಡಗಿಸುವ ಕೆಲಸಕ್ಕೆ ತಿರುಗಿತು. 1934ರಲ್ಲಿ ಅಮೆರಿಕ ಸರಕಾರ ಕೋವಿಯ ಸೈಲೆನ್ಸರಿನ ಮೇಲೆ 200 ಡಾಲರುಗಳ ತೆರಿಗೆ ಹೇರಿತು. ಅದು ಸಾಧನದ ಬೆಲೆಗಿಂತ ಎಷ್ಟೋ ಪಾಲು ಹೆಚ್ಚು.

1936ರ ಫೆಬ್ರವರಿಯಲ್ಲಿ, ಕೊಲೊರಾಡೊದ ಲಾ ಹುಂಟಾದಲ್ಲಿ ಪರ್ಸಿ ತೀರಿಕೊಂಡ. ತನ್ನನ್ನು ಬಿಟ್ಟುಹೋದ ತಂದೆಯನ್ನು ಕುರಿತು ಅವನು ಬರೆದ ಪುಸ್ತಕ ಅದೇ ವರ್ಷ ಪ್ರಕಟವಾಯಿತು. ಕಹಿಯನ್ನು ಬಯಸಿ ಅದನ್ನು ತೆರೆದ ಓದುಗನಿಗೆ ದೊರೆಯುವುದು ನಗೆ.