ಗಣಿತಜ್ಞ ಮಹಾವೀರಾಚಾರ್ಯರು: ನಿರುದ್ಧ, ವಲ್ಲಿ ಮತ್ತು ಇಂದಿನ ಕೋಡ್

ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ (ಕ್ರಿ.ಶ. 814-878) ಕಾಲದಲ್ಲಿ ಬಾಳಿದ ದಿಗಂಬರ ಜೈನ ಗಣಿತಜ್ಞರು ಮಹಾವೀರಾಚಾರ್ಯರು. ಹೆಸರು ಒಂದೇ ಆದುದರಿಂದ ಮಕ್ಕಳು ಇವರನ್ನು 24ನೇ ತೀರ್ಥಂಕರರೆಂದೇ ತಿಳಿಯುವುದುಂಟು. ಇಬ್ಬರ ನಡುವೆ ಸಾವಿರ ವರ್ಷಗಳಿಗೂ ಹೆಚ್ಚಿನ ಅಂತರವಿದೆ. ಆಚಾರ್ಯರ ತಂದೆ ತಾಯಿ, ಊರು, ಗುರು ಯಾವುದಕ್ಕೂ ದಾಖಲೆ ಉಳಿದಿಲ್ಲ. ಸುಮಾರು ಕ್ರಿ.ಶ. 850ರಲ್ಲಿ ರಚಿತವಾದ 'ಗಣಿತಸಾರಸಂಗ್ರಹ'ವೇ ಅವರ ಜೀವನಚರಿತ್ರೆ. ಸಂಸ್ಕೃತದ ಈ ಕೃತಿಯ ಆರಂಭದಲ್ಲಿ ನೃಪತುಂಗನ ಪ್ರಶಂಸೆಯಿದೆ. ಅವನ ರಾಜಧಾನಿ ಮಾನ್ಯಖೇಟ ಇಂದು ಕಲಬುರಗಿ ಜಿಲ್ಲೆಯ ಮಳಖೇಡ.

ಅದುವರೆಗೆ ಗಣಿತವು ಬಹುಮಟ್ಟಿಗೆ ಜ್ಯೋತಿಷ ಗ್ರಂಥಗಳ ಒಂದು ಅಧ್ಯಾಯವಾಗಿತ್ತು. ಆಚಾರ್ಯರು ಗಣಿತವನ್ನಷ್ಟೇ ಹಿಡಿದು ಸಾವಿರಕ್ಕೂ ಹೆಚ್ಚು ಶ್ಲೋಕಗಳನ್ನು ಬರೆದರು. ಅದರಲ್ಲಿ ಭಿನ್ನರಾಶಿಗಳ ಭಾಗ ವಿಶೇಷವಾದುದು. ಛೇದಗಳು ಬೇರೆ ಬೇರೆಯಾದಾಗ ಎಲ್ಲವನ್ನೂ ಗುಣಿಸಿ ಲೆಕ್ಕ ಬೆಳೆಸುವ ಬದಲು, ಸಾಮಾನ್ಯ ಅಪವರ್ತನಗಳನ್ನೂ ಉಳಿದ ಭಾಗಲಬ್ಧಗಳನ್ನೂ ಗುಣಿಸಿದರೆ ಸಾಕೆಂದು ತೋರಿಸಿ, ಆ ಸಂಖ್ಯೆಯನ್ನು 'ನಿರುದ್ಧ' ಎಂದರು. 12 ಮತ್ತು 18 ಛೇದಗಳಾದರೆ ಸಾಮಾನ್ಯ ಅಪವರ್ತನ 6, ಉಳಿಯುವುದು 2 ಮತ್ತು 3, ನಿರುದ್ಧ 36. ಶಾಲೆಯ ಲ.ಸಾ.ಅ. ಇದೇ. ಭಾರತೀಯ ಗಣಿತದಲ್ಲಿ ಇದನ್ನು ಮೊದಲು ಹೇಳಿದವರು ಇವರೇ ಎಂದು ಇತಿಹಾಸಕಾರರು ಗುರುತಿಸಿದ್ದಾರೆ.

ಮ.ಸಾ.ಅ. ಕಂಡುಹಿಡಿಯುವ ಕ್ರಮವೂ ಇವರದೇ ಎಂದು ಅಭಿಮಾನದಿಂದ ಹೇಳುವುದು ಸರಿಯಲ್ಲ. ಪರಸ್ಪರ ಭಾಗಾಕಾರವನ್ನು ಗ್ರೀಸಿನ ಯೂಕ್ಲಿಡ್ ಕ್ರಿ.ಪೂ. 300ರ ಸುಮಾರಿಗೇ ಬರೆದಿದ್ದರು. ಅದನ್ನೇ ಬಳಸುವ ಕುಟ್ಟಕ ವಿಧಾನ 499ರ ಆರ್ಯಭಟೀಯದಲ್ಲಿದೆ. ಆಚಾರ್ಯರು ಅದನ್ನು 'ವಲ್ಲಿಕಾ ಕುಟ್ಟೀಕಾರ'ವಾಗಿ ವಿವರಿಸಿ, ಬಗೆಬಗೆಯ ಲೆಕ್ಕಗಳಿಂದ ಕಲಿಯುವವರ ಕೈಗೆಟುಕಿಸಿದರು. ಅವರ ಒಂದು ಲೆಕ್ಕದಲ್ಲಿ ಕಾಡಿನಂಚಿಗೆ ಬಂದ 23 ಪ್ರಯಾಣಿಕರು ಬಾಳೆಹಣ್ಣಿನ 63 ಸಮಗುಂಪುಗಳನ್ನೂ ಬಿಡಿ 7 ಹಣ್ಣುಗಳನ್ನೂ ಸರಿಯಾಗಿ ಹಂಚಿಕೊಳ್ಳುತ್ತಾರೆ; ಗುಂಪಿಗೆಷ್ಟು ಹಣ್ಣು? 63ನ್ನು 23ರಿಂದ ಭಾಗಿಸಿದರೆ ಶೇಷ 17. 23ನ್ನು 17ರಿಂದ, ಶೇಷ 6. 17ನ್ನು 6ರಿಂದ, ಶೇಷ 5. 6ನ್ನು 5ರಿಂದ, ಶೇಷ 1. ಭಾಗಲಬ್ಧಗಳನ್ನು ಬಳ್ಳಿಯಂತೆ ಒಂದರ ಕೆಳಗೊಂದು ಬರೆದು ಹಿಂದಕ್ಕೆ ಲೆಕ್ಕ ಮಾಡಿದರೆ ಉತ್ತರ: ಗುಂಪಿಗೆ ಕನಿಷ್ಠ 5 ಹಣ್ಣು, ಒಬ್ಬೊಬ್ಬರಿಗೆ 14.

ಕೆಂಗೇರಿ, ರಾಜಾಜಿನಗರ, ವಿಜಯನಗರದ ಮಕ್ಕಳು ಪೈಥಾನ್‌ನಲ್ಲಿ ಮ.ಸಾ.ಅ. ಪ್ರೋಗ್ರಾಂ ಬರೆಯುವಾಗ ಮಾಡುವುದೂ ಈ ಭಾಗಾಕಾರವನ್ನೇ. ಎರಡನೆಯ ಸಂಖ್ಯೆ ಮೊದಲನೆಯದರ ಜಾಗಕ್ಕೆ, ಶೇಷ ಎರಡನೆಯದರ ಜಾಗಕ್ಕೆ. ಶೇಷ ಸೊನ್ನೆಯಾದಾಗ ಲೂಪ್ ನಿಲ್ಲುತ್ತದೆ, ಮೊದಲನೆಯ ಜಾಗದಲ್ಲಿರುವುದೇ ಉತ್ತರ. ಎರಡು ಸಂಖ್ಯೆಗಳ ಗುಣಲಬ್ಧವನ್ನು ಅದರಿಂದ ಭಾಗಿಸಿದರೆ ನಿರುದ್ಧ ಬರುತ್ತದೆ. ಬಳ್ಳಿಯ ಹಿಂದಿನ ಲೆಕ್ಕವನ್ನು ಹೋಲುವ ಕ್ರಮ ಇಂದು ಆರ್‌ಎಸ್‌ಎ ಗೂಢಲಿಪಿಯ ಕೀಲಿ ತಯಾರಿಯಲ್ಲಿ ಕೆಲಸ ಮಾಡುತ್ತಿದೆ.

ಸೊನ್ನೆಯ ವಿಷಯದಲ್ಲಿ ಆಚಾರ್ಯರು ಎಡವಿದ್ದೂ ಉಂಟು: ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಬದಲಾಗದು ಎಂದರು. ಹಾಗೆ ಭಾಗಿಸಹೊರಟರೆ ಪೈಥಾನ್ ತಪ್ಪೆಂದು ನಿಲ್ಲಿಸಿಬಿಡುತ್ತದೆ. ಆದರೆ ಋಣಸಂಖ್ಯೆಗೆ ವರ್ಗಮೂಲವಿಲ್ಲ ಎಂದು ಅವರು ಸ್ಪಷ್ಟವಾಗಿ ಗುರುತಿಸಿದ್ದು ಆ ಕಾಲಕ್ಕೆ ದೊಡ್ಡ ಮಾತು.

11ನೇ ಶತಮಾನದಲ್ಲಿ ಪಾವುಲೂರಿ ಮಲ್ಲನ ಈ ಗ್ರಂಥವನ್ನು ತೆಲುಗಿಗೆ ತಂದನು. 1912ರಲ್ಲಿ ಎಂ. ರಂಗಾಚಾರ್ಯರು ಇಂಗ್ಲಿಷ್ ಅನುವಾದದೊಡನೆ ಮದ್ರಾಸಿನಿಂದ ಪ್ರಕಟಿಸಿದರು. ಡಾ. ಪದ್ಮಾವತಮ್ಮನವರ ಕನ್ನಡ ಅನುವಾದ 2000ದಲ್ಲಿ ಹೊಂಬುಜದಿಂದ ಹೊರಬಂದಿತು.